ಬೋಗಾಣಿಯ ಕುಳಿ, ಬಸಣ್ಣನ ಕೆಮ್ಮು

ನಮ್ಮ ಹಾವೇರಿಯ ಮನೆಯ ಅಡುಗೆಕಟ್ಟೆಯ ಮೇಲೆ ಒಂದು ಸ್ಟೀಲಿನ ಬೋಗಾಣಿಯಿದೆ. ಅದರ ಹೊಟ್ಟೆಯಲ್ಲೊಂದು ಕುಳಿ. ಎಂಟನೆಯ ವಯಸ್ಸಿನಲ್ಲಿ ನಾನು ಸೋದರತ್ತೆಯ ನಡಿಗೆಯನ್ನು ಅನುಕರಿಸುತ್ತ, ಅವಳಂತೆಯೇ ಸೊಂಟದ ಮೇಲೆ ಪಾತ್ರೆಯಿಟ್ಟು ತಿರುಗಿದಾಗ, ನನಗಿನ್ನೂ ಸೊಂಟವೆಂಬುದು ಬಂದಿರಲಿಲ್ಲವಾದ್ದರಿಂದ, ಅದು ಜಾರಿ ಹೊಸ್ತಿಲಿಗೆ ಬಡಿದು ಆದದ್ದು. ಅಂದಿನಿಂದ ಅವ್ವ ಆ ಕುಳಿಯನ್ನು ಗೋಡೆಗೆ ಮುಖಮಾಡಿ ಇಡುತ್ತಾಳೆ; ಮನೆಗೆ ಬಂದವರೆದುರು ನನ್ನನ್ನು ಕೂರಿಸುವುದೂ ಸುಮಾರಾಗಿ ಹಾಗೆಯೇ. ಸಾರು ಮಾತ್ರ ಅದರಲ್ಲಿ ಈಗಲೂ ಕುದಿಯುತ್ತದೆ, ಒಂದು ತೊಟ್ಟೂ ಸೋರದೆ. ಇದರಲ್ಲಿ ಮೋಟಾರು ಶಾಸ್ತ್ರದ ಒಂದು ಅಧ್ಯಾಯವೇ ಅಡಗಿದೆಯೆಂದು ನನಗೆ ತಿಳಿದದ್ದು ಬಹಳ ತಡವಾಗಿ, ಮೋಟೆಬೆನ್ನೂರಿನ ಹತ್ತಿರ.

ಗೆಳೆಯರೇ, ಎಂಜಿನ್ನಿನ ತಳಕ್ಕೂ ಒಂದು ಬೋಗಾಣಿಯಿರುತ್ತದೆ. ಎಣ್ಣೆಯೆಲ್ಲ ಇಳಿದುಬಂದು ನಿಲ್ಲುವುದು ಅಲ್ಲಿ, ಪಂಪು ಅದನ್ನು ಮತ್ತೆ ಮೇಲಕ್ಕೆ ಹೀರುವುದೂ ಅಲ್ಲಿಂದ. ಪುಸ್ತಕ ಓದಿದವರು ಅದನ್ನು ಆಯಿಲ್ ಪ್ಯಾನ್ ಎನ್ನುತ್ತಾರೆ. ಕೈ ಕಪ್ಪಾದವರು ಚೇಂಬರ್ ಎನ್ನುತ್ತಾರೆ. ಬ್ಯಾಡಗಿಯ ನನ್ನ ಗೆಳೆಯ ಶಿವು ಹಳೆಯ ಪುಟ್ಟ ಕಾರೊಂದನ್ನು ಕೊಂಡು, ಹಿಂದಿನ ಸೀಟು ಕಿತ್ತು, ಅದರ ಮೈಯನ್ನು ನೆಲಕ್ಕೆ ಆದಷ್ಟು ತಗ್ಗಿಸಿ, ಚೆನ್ನೈ ಕಡೆಯ ರೇಸ್ ಟ್ರ್ಯಾಕಿನಲ್ಲಿ ಓಡಿಸುವೆನೆಂದು ಹೊರಟಾಗ ಅವನ ಮುಂದೆ ಎರಡು ಪ್ರಶ್ನೆಗಳು ನಿಂತವು. ಚೇಂಬರ್ ಸ್ಟೀಲಿನದೋ ಅಲ್ಯೂಮಿನಿಯಮ್ಮಿನದೋ? ಗೇರ್‌ಬಾಕ್ಸಿಗೆ ನಾಲ್ಕನೇ ನಂಬರಿನ ಎಣ್ಣೆಯೋ ಐದನೆಯದೋ? ಅಲ್ಯೂಮಿನಿಯಂ ಹಗುರ, ಶಾಖವನ್ನು ಬೇಗ ಬಿಟ್ಟುಕೊಡುತ್ತದೆ, ನೋಡಲು ಚೆಂದ. ಸ್ಟೀಲು ಭಾರ, ಕಪ್ಪು, ನೋಡಲು ನಮ್ಮ ಸೋದರಮಾವ. ಒಂದು ಮೆಣಸಿನಕಾಯಿಯನ್ನು ಅಂಗೈಯಲ್ಲಿ ತಿಕ್ಕಿ, ಬಂದ ಬಣ್ಣದಿಂದಲೇ ಇಡೀ ಚೀಲದ ಜಾತಕ ಹೇಳಬಲ್ಲ ದಲಾಲರ ಮನೆತನದ ಶಿವು ಈ ಎರಡು ಪ್ರಶ್ನೆಗಳನ್ನು ಒಂದು ತಿಂಗಳು ಅಂಗೈಯಲ್ಲಿ ತಿಕ್ಕಿದ, ಬಣ್ಣವೇ ಬರಲಿಲ್ಲ. ಕೊನೆಗೆ, "ಬಸಣ್ಣ ಏನಂತಾನ, ಹಂಗ" ಎಂದುಬಿಟ್ಟ.

ಬಸಣ್ಣ ಎಂದರೆ ರಾಣೆಬೆನ್ನೂರಿನ ಬಸಣ್ಣ ಮಿಸ್ತ್ರಿ. ಅವನ ಮಾತಿನ ಮೇಲೆ ನಮ್ಮ ಕಡೆಯ ಅರ್ಧ ಗಾಡಿಗಳು ಓಡುತ್ತವೆ, ಉಳಿದರ್ಧ ಅವನ ಮಾತು ಮೀರಿದ್ದರಿಂದ ನಿಂತಿವೆ. ತೀರ್ಪು ಕೊಡುವ ಮೊದಲು ಕೈ ಒರೆಸಿಕೊಂಡು, ಎರಡು ಸಲ ಕೆಮ್ಮಿ, "ನೋಡಪಾ ತಮ್ಮಾ" ಎನ್ನುವುದು ಅವನ ಪದ್ಧತಿ.

ಇನ್ನು ನಾನು. ಹಾವೇರಿಯಲ್ಲಿ ನಾನು ಅನುಕರಿಸದ ಗಂಟಲಿಲ್ಲ: ಕಂಡಕ್ಟರು, ಹೆಡ್‌ಮಾಸ್ತರು, ಸ್ವಂತ ತಂದೆ. ಇಷ್ಟು ದನಿಗಳ ನಡುವೆ ನನ್ನದು ಯಾವುದೆಂದು ಮನೆಯವರಿಗೂ ಗುಮಾನಿಯೇ. ಹೀಗಿರಲು ಒಂದು ಮಧ್ಯಾಹ್ನ, ಶಿವುವಿನ ಡೋಲಾಯಮಾನ ಸ್ಥಿತಿಗೆ ಮಂಗಳ ಹಾಡುವ ಪರೋಪಕಾರ ಬುದ್ಧಿಯಿಂದ, ಎಸ್‌ಟಿಡಿ ಬೂತಿಗೆ ಹೋಗಿ ಅವನಿಗೆ ಫೋನು ಹಚ್ಚಿ, ಎರಡು ಸಲ ಕೆಮ್ಮಿದೆ.

"ನೋಡಪಾ ತಮ್ಮಾ. ಅಲ್ಯೂಮಿನಿಯಂ ಹಾಕು. ಗೇರಿನ ಎಣ್ಣಿ ಐದನೇ ನಂಬರಿಂದು. ಐದು ನಾಕಕ್ಕಿಂತ ದೊಡ್ಡದೋ ಸಣ್ಣದೋ?"

"ದೊಡ್ಡದರಿ ಬಸಣ್ಣಾ."

"ಮತ್ತೇನ್ ಕೇಳ್ತಿ? ನನಗ ಪುರಸೊತ್ತಿಲ್ಲ, ಹುಬ್ಬಳ್ಳ್ಯಾಗ ಹಾಕಿಸ್ಕೋ."

ಸಂಜೆ ನಿಜ ಹೇಳಿ ಇಬ್ಬರೂ ನಗುವುದೆಂದು ನನ್ನ ಲೆಕ್ಕ. ಸಂಜೆಯ ಹೊತ್ತಿಗೆ ಅವನು ಸಾಮಾನು ತರಿಸಲು ಹೇಳಿಬಿಟ್ಟಿದ್ದ. ತಿಂಗಳಿಂದ ಬಾರದ ನಗು ಅವನ ಮುಖಕ್ಕೆ ಬಂದಿತ್ತು. ನಾಳೆ ಹೇಳೋಣವೆಂದುಕೊಂಡೆ. ತಮಾಷೆ ಹಾಲಿನ ಜಾತಿಯದು, ಹೊತ್ತು ಮೀರಿದರೆ ತಾನಾಗಿ ಒಡೆಯುತ್ತದೆಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಹುಬ್ಬಳ್ಳಿಯಲ್ಲಿ ಎರಡನ್ನೂ ಹಾಕಿಸಿಕೊಂಡು ಬಂದ ಶಿವು, ಬಸಣ್ಣನಿಗೆ ತೋರಿಸಲೆಂದು ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಬ್ಯಾಡಗಿಯಿಂದ ಹೊರಟ. ಗೇರನ್ನು ಚುರುಕಾಗಿ ಬದಲಿಸಿದಾಗಲೆಲ್ಲ ಕರ್ರೆನ್ನುವ ಸದ್ದು. "ಹೊಸಾ ಎಣ್ಣಿ, ಹೊಂದಬೇಕು" ಎಂದ ಶಿವು. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಅಗಲಗೊಳ್ಳುತ್ತಿತ್ತು. ನಮ್ಮನ್ನು ಪಕ್ಕದ ಮಣ್ಣಿನ ದಾರಿಗೆ ಇಳಿಸಿದರು. ಅಲ್ಲೊಂದು ಕಲ್ಲು, ಅನಾದಿಕಾಲದಿಂದ ಈ ಕಾರಿಗಾಗಿಯೇ ಕಾದಂತಿದ್ದದ್ದು, ತಳಕ್ಕೆ ಬಡಿದು ಠಣ್ ಎಂದಿತು. ಎಣ್ಣೆಯ ದೀಪ ಕೆಂಪಾಗುತ್ತಲೇ ಶಿವು ಎಂಜಿನ್ ಆರಿಸಿದ; ಅದೊಂದು ಪುಣ್ಯ. ಬಗ್ಗಿ ನೋಡಿದರೆ ಚೆಂದದ ಚೇಂಬರಿನಲ್ಲಿ ಕೂದಲೆಳೆಯಂಥ ಬಿರುಕು, ಕೆಳಗೆ ರಸ್ತೆ ಎಣ್ಣೆ ಕುಡಿಯುತ್ತಿತ್ತು.

ಆ ದಾರಿಯಲ್ಲಿ ಬಂದ ಟ್ರ್ಯಾಕ್ಟರೊಂದು ನಮ್ಮನ್ನು ರಾಣೆಬೆನ್ನೂರಿನ ಗ್ಯಾರೇಜಿಗೆ ಎಳೆದು ತಂದಿತು. ಶಿವು ಇಳಿದವನೇ ಎಲ್ಲರೆದುರು ಕೂಗಿದ:

"ಅಲ್ಯೂಮಿನಿಯಂ ಹಾಕು, ಗೇರಿಗೆ ಐದನೇ ನಂಬರ್ ಎಣ್ಣಿ ಹಾಕು ಅಂದಾವ್ರು ಯಾರ್ರಿ ಬಸಣ್ಣಾ?"

"ನಾ ಯಾಕ ಅನ್ಲೋ ಮಾರಾಯಾ? ನಮ್ಮ ರಸ್ತೇಕ್ಕ ಸ್ಟೀಲೇ. ಬಗ್ಗಿದ್ದು ಬಡದ್ರ ಸರಿಯಾಕ್ಕೈತಿ. ಒಡದದ್ದು?"

"ಫೋನಿನ್ಯಾಗ ನನ್ನ ಕಿವೀಲೇ ಕೇಳೇನ್ರಿ. ನಿಮ್ಮ ಕೆಮ್ಮು ಸೈತ ಕೇಳೇನಿ!"

ಪಕ್ಕದಲ್ಲಿ ನಿಂತಿದ್ದ ಲಾರಿ ಮಾಲೀಕನೊಬ್ಬ, ಬಸಣ್ಣನಿಗೆ ಕೊಡಲೆಂದು ತೆಗೆದ ಕೀಲಿಕೈಯನ್ನು ಮೆಲ್ಲಗೆ ಜೇಬಿಗಿಳಿಸಿದ. ಬಸಣ್ಣ ಅದನ್ನು ನೋಡಿದ. ಬಹಳ ಹೊತ್ತು ಕೈ ಒರೆಸಿಕೊಂಡ.

"ಕೆಮ್ಮೂ ಕೇಳ್ಯಾನಂದ್ರ... ಅಂದಿರಬೇಕು ಹಂಗಾರ. ಮೊನ್ನೆ ಬೋಲ್ಟ್ ಬಿಚ್ಚೋ ಪಾನಾ ಕೈಯಾಗ ಹಿಡಕೊಂಡ ಪಾನಾ ಹುಡಿಕೀನಿ. ಎಣ್ಣಿ ನಂಬರ್ ಸೈತ ತಪ್ಪಿದ್ರ, ಇನ್ನ ಬಾಗ್ಲಾ ಹಾಕೋದ ಚಲೋ."

ನಗಿಸುವುದಕ್ಕೆಂದು ತೆಗೆದ ದನಿಯೊಂದು ಮನುಷ್ಯನೊಬ್ಬನನ್ನು ತನ್ನ ತಲೆಯನ್ನೇ ನಂಬದ ಸ್ಥಿತಿಗೆ ತಂದು ನಿಲ್ಲಿಸಿತ್ತು. "ಅದು ನಾನು ಮಾಡಿದ್ದು" ಎಂದೆ. ನನ್ನ ದನಿಯಲ್ಲೇ ಎಂದೆ.

"ಏ ಸುಮ್ಕಿರಲೇ," ಎಂದ ಶಿವು, "ಈಗ ಯಾರ ದನಿ ತಗದಿ?"

ಸಾಕ್ಷಿಯೆಂದರೆ ಅಪರಾಧವನ್ನೇ ಮತ್ತೊಮ್ಮೆ ಮಾಡುವುದು. ಊರನ್ನೆಲ್ಲ ಅಣಕಿಸಿದವನು ಯಾರನ್ನೂ ಅವರ ಮುಖ ನೋಡುತ್ತ ಅಣಕಿಸಿರಲಿಲ್ಲ; ನಾಲಗೆ ಒಣಗಿ ತಡೆಯಿತು. ಕೈ ಒರೆಸಿಕೊಂಡೆ, ಎರಡು ಸಲ ಕೆಮ್ಮಿದೆ, ಬಸಣ್ಣನ ಕಣ್ಣು ನೋಡುತ್ತ "ನೋಡಪಾ ತಮ್ಮಾ" ಎಂದು ತೊಡಗಿ ಹುಬ್ಬಳ್ಳಿಯವರೆಗೂ ಹೇಳಿ ಮುಗಿಸಿದೆ. ಲಾರಿ ಮಾಲೀಕ ನಗಲು ಹೋಗಿ ನಿಂತ.

"ಅಂದ್ರ ನಾ ಮರತಿಲ್ಲ," ಎಂದ ಬಸಣ್ಣ, ನನಗಲ್ಲ, ಕೈಯಲ್ಲಿದ್ದ ಪಾನಾಕ್ಕೆ. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕೆಮ್ಮು ಜಾಸ್ತಿ ಆತು. ನಾ ಅಷ್ಟ ಕೆಮ್ಮಂಗಿಲ್ಲ" ಎಂದ.

"ಕೆಮ್ಮತೀ!" ಎಂದಿತು ಇಡೀ ಗ್ಯಾರೇಜು.

ಕೀಲಿಕೈ ಜೇಬಿನಿಂದ ಹೊರಬಂತು. ಶಿವು ಮೂರು ವಾರ ನನ್ನೊಡನೆ ಮಾತಾಡಲಿಲ್ಲ. ಆ ಮೌನವನ್ನು ಮಾತ್ರ ನಾನು ಅಣಕಿಸಲಿಲ್ಲ. ಬಸಣ್ಣ ಶಿಕ್ಷೆಯೆಂದು ನನ್ನನ್ನು ಸ್ಟೀಲಿನ ಚೇಂಬರ್ ಹಿಡಿಯಲು ಕೂರಿಸಿದ. ತಿರುವಿನಲ್ಲಿ ಎಣ್ಣೆ ಒಂದೇ ಪಕ್ಕಕ್ಕೆ ಓಡಿ ಪಂಪು ಗಾಳಿ ಕುಡಿಯದಿರಲೆಂದು ಒಳಗೆ ಸಣ್ಣ ಗೋಡೆಗಳನ್ನು ಬೆಸೆಯುತ್ತ, ಗೇರಿನ ಶಾಸ್ತ್ರ ಹೇಳಿದ:

"ಐದನೇದು ಬಾಳ ಜಾರತೈತಿ. ಗೇರು ಗೇರು ಹೊಂದಬೇಕಂದ್ರ ನಡಬರಕ ಇರೋ ಹಿತ್ತಾಳಿ ಉಂಗುರ ಚೂರು ಹಿಡೀಬೇಕು. ಮ್ಯಾಲ ಅದ್ರಾಗ ಗಂಧಕ ಹೆಚ್ಚು, ಹಿತ್ತಾಳಿ ತಿಂತೈತಿ. ದೊಡ್ಡ ನಂಬರ್ ಅಂತ ದೊಡ್ಡದಲ್ಲೋ ತಮ್ಮಾ."

ನನ್ನ ನಾಲಗೆ ಐದನೇ ನಂಬರಿನದೆಂದು ನನಗೆ ಆಗ ಹೊಳೆಯಿತು. ಯಾವ ದನಿಗೆ ಬೇಕಾದರೂ ಜಾರಿಕೊಳ್ಳುತ್ತದೆ, ಎಲ್ಲಿಯೂ ಹಿಡಿಯುವುದಿಲ್ಲ; ಹಿಡಿಯದ್ದರಿಂದಲೇ ಯಾರೊಡನೆಯೂ ಹೊಂದುವುದಿಲ್ಲ. ಅಂದು ಬಸಣ್ಣನೆದುರು ಒಂದು ಕ್ಷಣ ಒಣಗಿ ತಡೆದದ್ದೇ ಅದರ ಮೊದಲ ಸರಿಯಾದ ಕೆಲಸವಿರಬೇಕು.

ಶಿವು ಟ್ರ್ಯಾಕಿಗೆ ಹೋಗಿ, ಕೊನೆಯಿಂದ ಎರಡನೆಯವನಾಗಿ ಓಟ ಮುಗಿಸಿ ಬಂದ. ಹೋಗಿಬರುವ ದಾರಿಯಲ್ಲೆಲ್ಲೋ ಚೇಂಬರಿಗೆ ಒಂದು ಕುಳಿ ಬಿದ್ದಿತ್ತು. ಒಂದು ತೊಟ್ಟೂ ಸೋರಿರಲಿಲ್ಲ.

ಮೊನ್ನೆ ಬೋಗಾಣಿ ತೊಳೆದಿಡುವಾಗ ಅದರ ಕುಳಿಯನ್ನು ಈಚೆಗೆ ತಿರುಗಿಸಿಟ್ಟೆ.

"ಯಾಕೋ, ಬಂದಾವ್ರು ನೋಡ್ತಾರ" ಎಂದಳು ಅವ್ವ.

"ನೋಡ್ಲಿ ಬಿಡು. ಅದು ನಾ ಮಾಡಿದ್ದು."

ಅವ್ವ ಒಲೆಯಿಂದ ತಿರುಗಿ ನನ್ನ ಮುಖವನ್ನೇ ನೋಡಿದಳು.

"ಇದ್ಯಾರ ದನಿಯೋ?" ಎಂದಳು.