ಒಡತಿ ಒಪ್ಪದ ಕರಾರು

ಲಿಬಾಸ್ ಗೇಯೆಗೆ ನಲವತ್ತು ಹತ್ತಿರ ಬಂತು. ಕೇರ್ ಬಿರಾಮ್ ಎಂಬ ಮೀನುಗಾರರ ಊರಿನ ದಡದಲ್ಲಿ, ದೋಣಿಗಳನ್ನು ಮರಳಿಗೆ ಎಳೆಯುವ ಜಾಗದ ಪಕ್ಕದಲ್ಲೇ, ಅವನದೊಂದು ಮಂಜುಗಡ್ಡೆಯ ಅಂಗಡಿ. ಮಳೆಗಾಲ ಬಂದು ಓಣಿ ಓಣಿಗಳ ನಡುವೆ ಫುಟ್‌ಬಾಲ್ ಪಂದ್ಯಗಳು ಶುರುವಾದರೆ ಅಂಗಡಿ ಹೆಂಡತಿಯ ಪಾಲಿಗೆ. ಅವನು ತಾನೇ ತರಬೇತಿ ಕೊಡುವ ಓಣಿಯ ತಂಡವನ್ನು ಗಂಟಲು ಹರಿಯುವಂತೆ ಬೈಯುತ್ತ ಮೈದಾನದ ಗೆರೆಯುದ್ದಕ್ಕೂ ಓಡಾಡುತ್ತಿರುತ್ತಾನೆ. ಹೊಟ್ಟೆ ತುಸು ಮುಂದೆ ಬಂದಿದೆ, ಎಡಮಂಡಿ ಮೆಟ್ಟಿಲು ಕಂಡರೆ ಮುನಿಯುತ್ತದೆ. ನಿದ್ದೆ ಮಾತ್ರ ಗಟ್ಟಿ.

ಹೊಸಬರು ಯಾರಾದರೂ ಬಂದರೆ ಊರವರು ಅವನ ಕಡೆ ಬೆರಳು ತೋರಿಸಿ, "ಇವನು ಬಂಗಲೆ ಕಟ್ಟಿಸಬೇಕಾಗಿದ್ದೋನು, ನೋಡಿ, ಐಸ್ ಒಡೀತಾ ಕೂತಿದಾನೆ" ಎನ್ನುತ್ತಾರೆ.

"ನಾನು ಬಂಗಲೇಲಿ ಕೂತಿದ್ರೆ ನಿನ್ನ ಮೀನು ಕೊಳೀತಿತ್ತು" ಎಂದು ಅವನು ಸುತ್ತಿಗೆ ಎತ್ತುತ್ತಾನೆ. ಮಾತು ಅಲ್ಲಿಗೆ ನಿಲ್ಲುತ್ತದೆ. ಆದರೆ ಊರವರ ಮಾತು ಸುಳ್ಳಲ್ಲ.

ಆಗ ಅವನಿಗೆ ಇಪ್ಪತ್ತಮೂರು. ರಾಜಧಾನಿ ಡಕಾರಿನ ಒಂದು ತಂಡದಲ್ಲಿ ಲೆಫ್ಟ್ ಬ್ಯಾಕ್. ಸಂಬಳ ಬಂದ ತಿಂಗಳು ಮಾಂಸ, ಬಾರದ ತಿಂಗಳು ಬರೀ ಈರುಳ್ಳಿ ಸಾರು. ಒಂದು ಪಂದ್ಯ ಮುಗಿದ ಮೇಲೆ ತಿಜಾನ್ ಕಾನ್ ಎಂಬ ದಲ್ಲಾಳಿ ಬಂದು ಹೆಗಲ ಮೇಲೆ ಕೈ ಹಾಕಿದ. ಒಳ್ಳೆಯ ಮನುಷ್ಯ, ನಗುಮುಖ, ಹುಡುಗರಿಗೆ ಮೋಸ ಮಾಡಿದವನೆಂಬ ಹೆಸರಿಲ್ಲ. ಹಿಮ ಬೀಳುವ ದೇಶವೊಂದರ ತಂಡಕ್ಕೆ ಲೆಫ್ಟ್ ಬ್ಯಾಕ್ ಬೇಕಂತೆ, ನಾಲ್ಕು ವರ್ಷದ ಕರಾರಂತೆ. ತಿಜಾನ್ ಸಂಬಳ ಹೇಳಿದಾಗ ಲಿಬಾಸ್, ಅದು ವರ್ಷಕ್ಕೋ ತಿಂಗಳಿಗೋ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ.

ಆಮೇಲೆ ತಿಜಾನ್ ತಂಡದ ಅಂಗಿಯ ಮಡಿಕೆ ಬಿಚ್ಚಿ ತೋರಿಸಿದ. ಎದೆಯ ಮೇಲೆ ದಪ್ಪ ನೀಲಿ ಅಕ್ಷರದಲ್ಲಿ 'ಮಾರಿಲಾಕ್ಸ್' ಎಂದಿತ್ತು. ಆ ಹೆಸರು ಲಿಬಾಸ್‌ಗೆ ಹೊಸದಾಗಿರಲಿಲ್ಲ.

ಮಾರಿಲಾಕ್ಸ್ ಎಂದರೆ ಕೇರ್ ಬಿರಾಮ್‌ನ ನೀಲಿ ಗೋಡೆಯ ಕಾರ್ಖಾನೆ. ತಂಡವೂ ಕಾರ್ಖಾನೆಯೂ ಒಬ್ಬನೇ ಧಣಿಯದು. ಅದು ಬರುವ ಮೊದಲು ದೋಣಿಗಳ ಬೂತಾಯಿ ಮೀನು ನೇರ ಹೆಂಗಸರ ಕೈಗೆ ಬರುತ್ತಿತ್ತು. ಅವರು ಅದನ್ನು ಬೇಯಿಸಿ, ಉಪ್ಪು ಹಾಕಿ, ಅಟ್ಟಣೆಯ ಮೇಲೆ ಒಣಗಿಸಿ ಒಳನಾಡಿಗೆಲ್ಲ ಕಳಿಸುತ್ತಿದ್ದರು. ಲಿಬಾಸ್‌ನ ತಾಯಿ ಕುಂಬಾ ಅವನನ್ನು ಸಾಕಿದ್ದೇ ಹಾಗೆ. ಕಾರ್ಖಾನೆ ಬಂದು ದೋಣಿಯವರಿಗೆ ಹೆಚ್ಚು ದರ ಕೊಟ್ಟಿತು. ಬೂತಾಯಿಯೆಲ್ಲ ಅದರ ಹೊಟ್ಟೆ ಸೇರಿ, ಪುಡಿಯಾಗಿ, ಎಲ್ಲೋ ದೂರದ ಸಾಕುಮೀನುಗಳಿಗೆ ಮೇವಾಗಿ ಹೋಯಿತು. ಮನುಷ್ಯರ ಬಾಯಿಂದ ಕಿತ್ತು ಮೀನಿಗೆ ಮೀನು ತಿನ್ನಿಸುವ ಈ ಬುದ್ಧಿವಂತಿಕೆ ಯಾರ ತಲೆಗೆ ಹೊಳೆಯಿತೋ! ಗಂಡಸರ ಜೇಬು ತುಂಬಿತು, ಹೆಂಗಸರ ಅಟ್ಟಣೆಗಳು ಬರಿದಾದವು. ಒಂದೇ ಮನೆಯೊಳಗೆ ಎರಡೂ ಆದದ್ದರಿಂದ ಯಾರೂ ಬಾಯಿ ಬಿಟ್ಟು ಜಗಳವಾಡುವಂತಿರಲಿಲ್ಲ.

"ಅಂಗಿ ಮೇಲಿನ ಹೆಸರು ನೋಡ್ತಾ ಕೂತ್ರೆ ಎಲ್ಲೂ ಆಡೋಕಾಗಲ್ಲ ತಮ್ಮ" ಎಂದ ತಿಜಾನ್. "ಒಂದು ತಂಡದ ಧಣಿ ಹೆಂಡದವನು, ಇನ್ನೊಂದರವನು ಜೂಜಿನವನು. ಇವನು ಪಾಪ, ಮೀನಿನವನು. ನೀವೂ ಮೀನಿನ ಜನ ಅಲ್ವಾ!"

ಲಿಬಾಸ್ ನಕ್ಕುಬಿಟ್ಟ. ನಗಬಾರದಿತ್ತು ಎಂದು ಬಸ್ಸಿನಲ್ಲಿ ಊರಿನ ತನಕ ಅನ್ನಿಸುತ್ತಲೇ ಇತ್ತು.

ಊರಲ್ಲಿ ಸುದ್ದಿ ಅವನಿಗಿಂತ ಮುಂಚೆ ತಲುಪಿತ್ತು. ತಂದೆ ಇಲ್ಲದ ಹುಡುಗ, ಹಾಗಾಗಿ ತಿಜಾನ್ ಮೊದಲೇ ಸೋದರಮಾವ ಮಸಾಂಬನನ್ನು ಕಂಡಿದ್ದ. ಮಸಾಂಬನಿಗೆ ಎರಡು ದೋಣಿ, ಹಿರಿಯರ ಸಾಲಿನಲ್ಲಿ ಒಂದು ಜಾಗ. ಅವನು ನಾಲ್ಕು ಜನರ ಮುಂದೆ ಹುಡುಗನನ್ನು ಕೊಟ್ಟೆ ಎಂದು ಮಾತು ಕೊಟ್ಟಾಗಿತ್ತು. ಬರುವ ಶುಕ್ರವಾರ ಮಧ್ಯಾಹ್ನದ ಪ್ರಾರ್ಥನೆ ಮುಗಿದ ಮೇಲೆ ಊಟ, ಆಮೇಲೆ ಕೋಲಾ ಬೀಜ ಹಂಚುವುದು. ಕೋಲಾ ಹಂಚಿ ಬಾಯಿಗೆ ಹಾಕಿಕೊಂಡರೆ ಮುಗಿಯಿತು, ಮದುವೆಯಾದರೂ ಸರಿ, ಕರಾರಾದರೂ ಸರಿ, ಇನ್ನು ಹಿಂದೆ ಹೋಗುವ ಹಾಗಿಲ್ಲ.

ಓಣಿಯ ಹುಡುಗರು ತಿಜಾನ್ ಕೊಟ್ಟು ಕಳಿಸಿದ್ದ ಆ ಅಂಗಿ ಹಾಕ್ಕೋ ಹಾಕ್ಕೋ ಎಂದು ಪೀಡಿಸಿದರು. ಹಾಕಿಕೊಂಡು ಅಟ್ಟಣೆಗಳ ಓಣಿಯಲ್ಲಿ ನಡೆದ. ಹೆಂಗಸರು ಬೈಯಲಿಲ್ಲ, ಮುಖ ತಿರುಗಿಸಲಿಲ್ಲ. ಅವನನ್ನು ಎತ್ತಿ ಆಡಿಸಿದ ಕೈಗಳು ಖಾಲಿ ಅಟ್ಟಣೆಯ ಮೇಲಿನ ನೊಣ ಓಡಿಸುತ್ತ ಕೂತಿದ್ದವು. ಒಬ್ಬಳು ಬೆಂಚಿನಲ್ಲಿ ಸರಿದು, "ಕೂತ್ಕೋ ಮಗ, ಬಿಸ್ಲು" ಎಂದಳು. ಕೂರಲಾಗದೆ ಅವನು ಸರಸರನೆ ಮನೆಗೆ ಹೋಗಿ ಅಂಗಿ ಕಳಚಿದ.

"ಅವ್ವಾ, ನಾನು ಹೋಗ್ಲಾ?" ಎಂದು ಕೇಳಿದ.

ಕುಂಬಾ ಅಕ್ಕಿ ಆರಿಸುತ್ತಿದ್ದಳು. "ಹೋಗು. ಅಲ್ಲಿ ಚಳಿಯಂತೆ, ಎರಡು ಕಾಲುಚೀಲ ಹಾಕ್ಕೋ."

"ಅಂಗಿ ಮೇಲೆ ಅವರ ಹೆಸರಿದೆ ಅವ್ವಾ."

"ನಂಗೇನು ಓದೋಕೆ ಬರುತ್ತಾ? ನಿನ್ನ ಎದೆ ಮೇಲೆ ಏನು ಬರ್ದಿದ್ರೂ ನಂಗೆ ಗೀಚಿದ ಹಾಗೇ ಕಾಣೋದು. ಹೋಗಿ ಬಾ."

ಬೇಡ ಎಂದಿದ್ದರೆ ಅವನು ಅವಳ ಮೇಲೆ ರೇಗಿ, ಹಟ ಹಿಡಿದು, ಹೊರಟೇಬಿಡುತ್ತಿದ್ದನೇನೋ. ಅವಳು ಇಷ್ಟು ಸುಲಭಕ್ಕೆ ಕಳಿಸಿಕೊಟ್ಟದ್ದೇ ಅವನನ್ನು ಕಟ್ಟಿಹಾಕಿತು. ಹೋದರೆ ಆ ಹೆಸರನ್ನು ಎದೆಗೆ ಕಟ್ಟಿಕೊಂಡು ಊರ ಹೆಂಗಸರ ಹೊಟ್ಟೆಯ ಮೇಲೆ ಓಡಬೇಕು. ಹೋಗಲ್ಲ ಎಂದರೆ ಮಾವನ ಮಾತು ನಾಲ್ಕು ಜನರೆದುರು ಮಣ್ಣುಪಾಲು. ತಂದೆ ಸತ್ತಾಗ ಮನೆಗೆ ಅಕ್ಕಿ ಮೂಟೆ ಹೊತ್ತು ತಂದ ಮಾವ. ಅವನಿಗೆ ಎರಡೂ ಕಡೆ ದಾರಿ ಮುಚ್ಚಿತ್ತು. ಆ ವಾರ ಅವನು ಸರಿಯಾಗಿ ಊಟ ಮಾಡಲಿಲ್ಲ. ತಾಯಿ ಅದನ್ನು ಪ್ರಯಾಣದ ಗಡಿಬಿಡಿ ಎಂದು ಅಕ್ಕಪಕ್ಕದವರಿಗೆ ಹೇಳಿದಳು.

ಈಗ ಮಾಗತ್ ಸೆಕ್ ವಿಷಯಕ್ಕೆ ಬರಬೇಕು. ಅಟ್ಟಣೆ ಹೆಂಗಸರಲ್ಲೆಲ್ಲ ಹಿರಿಯಳು, ದನಿ ಕಡಲಾಚೆಗೂ ಕೇಳಿಸುವಂಥದ್ದು. ಸೆಕ್ ಮನೆತನಕ್ಕೂ ಗೇಯೆ ಮನೆತನಕ್ಕೂ ಮುತ್ತಜ್ಜರ ಕಾಲದಿಂದ ತಮಾಷೆಯ ಸಲಿಗೆ. ಗೇಯೆ ಕಂಡರೆ ಸೆಕ್ 'ನನ್ನ ಆಳು' ಎನ್ನಬೇಕು, ಸೆಕ್ ಕಂಡರೆ ಗೇಯೆ 'ಅನ್ನಗಳ್ಳಿ' ಎನ್ನಬೇಕು. ಏನಂದರೂ ಸಿಟ್ಟಾಗುವಂತಿಲ್ಲ. ಸಿಟ್ಟಾದವನು ಊರಿಗೇ ಹಗುರ. ಗೇಯೆ ಮನೆಯ ಮದುವೆಯಲ್ಲಿ ಸೆಕ್ ಬಂದು ಮದುಮಗನ ಚಪ್ಪಲಿ ಎತ್ತಿಕೊಂಡು ಹೋದರೆ, ಕೇಳಿದ್ದು ಕೊಟ್ಟು ಬಿಡಿಸಿಕೊಳ್ಳುವ ತನಕ ಅವನು ಬರಿಗಾಲಲ್ಲಿ ನಿಲ್ಲಬೇಕು. ಆಳೇ ಬಾಯಿ ಬಿಟ್ಟು ಬೇಡಿಕೊಂಡರೆ ಮಾತ್ರ ಒಡತಿ ಮರುಮಾತಿಲ್ಲದೆ ಕೊಡಬೇಕು. ಅದೂ ಪದ್ಧತಿಯೇ.

ಶುಕ್ರವಾರ ಮಸಾಂಬನ ಅಂಗಳದಲ್ಲಿ ಚಾಪೆ ಹಾಸಿದ್ದರು. ದೊಡ್ಡ ಬೋಗುಣಿಗಳ ಸುತ್ತ ಕೂತು ಮೀನಿನ ಅನ್ನ ಉಂಡಾಯಿತು, ಚಹಾ ಮೂರು ಸುತ್ತೂ ಆಯಿತು. ತಿಜಾನ್ ಕೋಲಾ ಬುಟ್ಟಿಯನ್ನು ನಡುವೆ ಇಟ್ಟ. ಹಿರಿಯರೊಬ್ಬರು ಬಿಸ್ಮಿಲ್ಲಾ ಎಂದು ಕೈ ಚಾಚಿದರು. ಅಷ್ಟರಲ್ಲಿ ಮಾಗತ್ ಸೆಕ್ ಕರೆಯದೆ ಒಳಗೆ ಬಂದಳು. ಹಿಂದೆ ಏಳೆಂಟು ಹೆಂಗಸರು.

"ಈ ಗೇಯೆ ಯಾರ ಆಳು?" ಎಂದು ಕೂಗಿದಳು.

"ನಿನ್ನ ಆಳೇ ಸೆಕ್!" ಎಂದರು ಗಂಡಸರು, ನಗುತ್ತ.

"ಮತ್ತೆ ನನ್ನನ್ನ ಕೇಳ್ದೆ ಇವನನ್ನ ಮಾರೋಕೆ ಕೂತಿರೋ ಗಂಡು ಯಾವನು?" ಎಂದವಳೇ ಬುಟ್ಟಿ ಎತ್ತಿ ಮಡಿಲಲ್ಲಿಟ್ಟುಕೊಂಡು ಚಾಪೆಯ ನಡುವೆ ಕೂತುಬಿಟ್ಟಳು.

"ಅನ್ನಗಳ್ಳಿ ಬಂದ್ಲು, ಬೋಗುಣಿ ಮುಚ್ಚಿ!" ಎಂದ ಮಸಾಂಬ, ಅಳಿಯನ ಪರವಾಗಿ. ಅಂಗಳವೆಲ್ಲ ನಕ್ಕಿತು. ತಿಜಾನ್‌ಗೂ ಈ ಆಟ ಗೊತ್ತು. ಅವನು ನಗುತ್ತ ಒಂದು ನೋಟು ಮುಂದಿಟ್ಟ.

ಮಾಗತ್ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಇದು ನಾನು ನಡ್ಕೊಂಡು ಬಂದಿದ್ದಕ್ಕೆ."

ಇನ್ನೊಂದು ಇಟ್ಟ.

"ಇದು ವಾಪಸ್ ಹೋಗೋದಕ್ಕೆ. ಆಳಿನ ಬೆಲೆ ಎಲ್ಲಿ?"

"ನೀನೇ ಹೇಳು ತಾಯಿ" ಎಂದ ತಿಜಾನ್ ಕೈಮುಗಿದು.

"ಒಂದು ದಿನದ ಬೂತಾಯಿ." ಅವಳ ದನಿ ಆಟದ್ದೇ, ಮುಖವೂ ನಗುತ್ತಲೇ ಇತ್ತು. "ಒಂದೇ ಒಂದು ದಿನ. ಬಂದ ದೋಣಿಯೆಲ್ಲ ನಮ್ಮ ಅಟ್ಟಣೆ ಹತ್ರ ಬರ್ಲಿ. ನಿನ್ನ ಧಣಿಗೆ ಫೋನ್ ಹಚ್ಚು. ಹೂಂ ಅಂದ್ರೆ ಕೋಲಾನೂ ತಗೋ, ಗೇಯೆನೂ ತಗೋ. ನಾನೇ ಅವನ ಪೆಟ್ಟಿಗೆ ಹೊತ್ಕೊಂಡು ಬಸ್ ಹತ್ತಿಸ್ತೀನಿ."

ಮೊದಲು ಎಲ್ಲರೂ ನಕ್ಕರು. ಆಮೇಲೆ ನಗು ಒಂದೊಂದೇ ಬಾಯಲ್ಲಿ ಆರಿತು. ತಿಜಾನ್ ಜೇಬಿನ ಫೋನು ಮುಟ್ಟಿ ಕೈ ಹಿಂದೆ ತೆಗೆದ. "ಅದು ಬೇರೆ ವ್ಯವಹಾರ ತಾಯಿ, ನನ್ನ ಕೈಲಿಲ್ಲ..."

"ಒಂದು ದಿನ ಕೂಡ ಇಲ್ವಾ?"

ತನ್ನ ಎರಡೂ ದೋಣಿಯ ಮೀನನ್ನು ಕಾರ್ಖಾನೆಗೇ ಹಾಕುವ ಮಸಾಂಬ ಚಾಪೆಯ ಎಳೆ ಕೀಳುತ್ತ ಕೂತ. ಯಾರಿಗೂ ಸಿಟ್ಟಾಗುವ ಹಾಗಿಲ್ಲ, ಯಾಕೆಂದರೆ ಇದು ತಮಾಷೆ. ಯಾರಿಗೂ ನಗಲೂ ಆಗಲಿಲ್ಲ. ಕೊನೆಗೆ ಮಸಾಂಬನೇ ಅಳಿಯನ ಕಡೆ ತಿರುಗಿದ. "ಏನೋ ಗೇಯೆ, ನಿನ್ನ ಒಡತಿ ಹಟ ಹಿಡಿದಿದಾಳೆ. ನೀನೇನಂತೀಯ?"

ಲಿಬಾಸ್ 'ಸೆಕ್, ದಮ್ಮಯ್ಯ, ಕೋಲಾ ಕೊಡು' ಎಂದರೆ ಸಾಕು. ಅವಳು ಕೊಡಲೇಬೇಕು, ಕೊಟ್ಟು ನಕ್ಕು ಹರಸಲೂಬೇಕು. ತಾಯಿಗೆ ಗಾರೆ ಮನೆ, ತನಗೆ ಹುಲ್ಲಿನ ಮೈದಾನ, ದೊಡ್ಡ ಆಟ. ಆಸೆ ಸಣ್ಣದಾಗಿರಲಿಲ್ಲ. ಅವನು ಹೆಂಗಸರನ್ನು ನೋಡಿದ. ಅವರು ಯಾರೂ ಅವನನ್ನು ನೋಡುತ್ತಿರಲಿಲ್ಲ, ಅವನಿಗೆ ಮುಜುಗರವಾದೀತೆಂದು ನೆಲ ನೋಡುತ್ತಿದ್ದರು.

"ಒಡತಿ ಒಪ್ಪದೆ ಆಳು ಎಲ್ಲಿಗೆ ಹೋಗ್ತಾನೆ, ಮಾವ?" ಎಂದ.

ಮಸಾಂಬ ಅವನನ್ನೇ ನೋಡಿದ. ಅಳಿಯನ ಮುಖದಲ್ಲಿ ತಮಾಷೆ ಇಲ್ಲವೆಂದು ಅವನಿಗೆ ತಿಳಿಯಿತು. ಆಮೇಲೆ ತೊಡೆ ತಟ್ಟಿ ದೊಡ್ಡದಾಗಿ ನಕ್ಕ. ಹಾಗೆ ನಗಲು ಅವನಿಗೆ ಎಷ್ಟು ಕಷ್ಟವಾಯಿತೆಂದು ಹತ್ತಿರ ಕೂತವರಿಗೆ ಗೊತ್ತು. "ತಿಜಾನ್, ನಾನು ಮಾತು ತಪ್ಪಲಿಲ್ಲ ಕಣಪ್ಪ. ನಾನು ಕೊಟ್ಟೆ, ಸೆಕ್ ಕಿತ್ಕೊಂಡ್ಳು. ಸೆಕ್ ಮೇಲೆ ನಾನು ಯಾವ ಕೋರ್ಟಿಗೆ ಹೋಗ್ಲಿ?"

ತಿಜಾನ್ ಕೂಡ ನಕ್ಕ, ಬೇರೆ ದಾರಿ ಇರಲಿಲ್ಲ. ಹೋಗುವಾಗ ಲಿಬಾಸ್‌ನ ಕೈ ಹಿಡಿದು, "ಹುಚ್ಚ ನೀನು" ಎಂದು ಮೆಲ್ಲಗೆ ಹೇಳಿದ. ದ್ವೇಷವಿಲ್ಲದೆಯೇ ಹೇಳಿದ.

ಅಂದು ಸಂಜೆ ಕುಂಬಾ ಮಗನ ಮುಂದೆ ಊಟ ಇಟ್ಟು, "ಆ ಅಕ್ಷರ ನಂಗೆ ಗೊತ್ತು" ಎಂದಳು. "ಓದೋಕೆ ಬರಲ್ಲ, ನಿಜ. ಆದ್ರೆ ದಿನಾ ಆ ನೀಲಿ ಗೋಡೆ ದಾಟ್ಕೊಂಡು ಹೋಗೋಳು ನಾನು. ಅಂಗಿ ನೋಡಿದ ಕೂಡ್ಲೇ ಗುರುತು ಸಿಕ್ತು." ಮತ್ತೆ ಆ ಮಾತು ಎತ್ತಲಿಲ್ಲ. ಲಿಬಾಸ್ ಆ ವಾರದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡ.

ಇದರಿಂದ ಕಾರ್ಖಾನೆ ಮುಚ್ಚಿತು ಎಂದು ಹೇಳಿದರೆ ಕತೆ ಚೆನ್ನಾಗಿರುತ್ತಿತ್ತು, ಆದರೆ ಮುಚ್ಚಲಿಲ್ಲ. ಅದು ಇವತ್ತಿಗೂ ಹೊಗೆ ಬಿಡುತ್ತಿದೆ. ಪಕ್ಕದೂರಿನ ಹುಡುಗನೊಬ್ಬ ಲಿಬಾಸ್ ಬಿಟ್ಟ ಜಾಗಕ್ಕೆ ಹೋಗಿ ಚೆನ್ನಾಗಿಯೇ ಆಡಿದ, ತನ್ನೂರಿಗೆ ಮಸೀದಿಯ ಗೋಡೆ ಕಟ್ಟಿಸಿಕೊಟ್ಟ. ಅವನನ್ನು ಬೈಯಲು ಲಿಬಾಸ್‌ಗೆ ಎಂದೂ ಬಾಯಿ ಬಂದಿಲ್ಲ. ಮಸಾಂಬ ಮಾತ್ರ, ಯಾರಿಗೂ ಕಾರಣ ಹೇಳದೆ, ತನ್ನ ಚಿಕ್ಕ ದೋಣಿಯ ಮೀನನ್ನು ಅಟ್ಟಣೆಗಳಿಗೆ ಹಾಕತೊಡಗಿದ. ಲಿಬಾಸ್ ಡಕಾರಿನಲ್ಲೇ ಆಡಿದ, ಮದುವೆಯಾದ, ಮಂಡಿ ಕೈಕೊಟ್ಟಾಗ ಊರಿಗೆ ಬಂದು ಅಂಗಡಿ ಹಾಕಿದ. ಹೆಂಗಸರ ಮೀನಿಗೆ ಮೊದಲು ಮಂಜುಗಡ್ಡೆ, ದೊಡ್ಡ ಗಿರಾಕಿಗಳಿಗೆ ಆಮೇಲೆ. ಇದಕ್ಕಾಗಿ ದೊಡ್ಡ ಗಿರಾಕಿಗಳ ಕೈಲಿ ದಿನಾ ಬೈಸಿಕೊಳ್ಳುತ್ತಾನೆ, ಅವರಿಗೂ ತಿರುಗಿ ಬೈಯುತ್ತಾನೆ, ಸುಖವಾಗಿದ್ದಾನೆ.

ಹೋದ ವರ್ಷ ಮಾಗತ್ ಸೆಕ್ ಹಾಸಿಗೆ ಹಿಡಿದಳು. ಲಿಬಾಸ್ ಒಂದು ಮಧ್ಯಾಹ್ನ ನೋಡಲು ಹೋಗಿ ಬಾಗಿಲಲ್ಲೇ, "ಅನ್ನಗಳ್ಳಿ, ಇನ್ನೂ ಎಷ್ಟು ಬೋಗುಣಿ ಬಾಕಿ?" ಎಂದ. ಅವಳು ತಿರುಗಿ ಬೈಯಲಿಲ್ಲ. ಪಕ್ಕಕ್ಕೆ ಕರೆದು ಕೂರಿಸಿಕೊಂಡಳು.

"ಲಿಬಾಸ್" ಎಂದಳು. ಅವಳ ಬಾಯಲ್ಲಿ ಅವನ ಹೆಸರು ಅವನು ಕೇಳಿದ್ದು ಅದೇ ಮೊದಲು. "ನಿನ್ನ ಬದುಕು ನಾನು ಹಾಳು ಮಾಡಿದ್ನೇನೋ? ಸುಳ್ಳು ಹೇಳ್ಬೇಡ, ಸಾಯೋಳ ಹತ್ರ."

ಲಿಬಾಸ್ ಅವಳ ಕೈ ಹಿಡಿದುಕೊಂಡ.

"ನೀನು ಬರ್ದೇ ಇದ್ದಿದ್ರೆ ನಾನು ಹೋಗ್ತಿದ್ದೆ" ಎಂದ. "ಹೋಗಿದ್ರೆ ಚೆನ್ನಾಗೇ ಇರ್ತಿದ್ದೆ, ಅದೂ ನಿಜ. ದೊಡ್ಡ ಕಾರಲ್ಲಿ ಊರಿಗೆ ಬರ್ತಿದ್ದೆ. ಆದ್ರೆ ಪ್ರತಿ ಸಲ ನಿಮ್ಮ ಓಣಿ ತಪ್ಪಿಸಿ, ಹಿಂದಿನ ದಾರೀಲಿ ಮನೆ ಸೇರ್ತಿದ್ದೆ."

ಮುದುಕಿ ಬಹಳ ಹೊತ್ತು ಅವನ ಕೈ ಬಿಡಲಿಲ್ಲ. ಆಮೇಲೆ, "ಹಂಗಾದ್ರೆ ಎದ್ದು ಹೋಗು, ಐಸ್ ಕರಗ್ತಿದೆ, ಸೋಮಾರಿ ಆಳು" ಎಂದು ಕಣ್ಣು ಮುಚ್ಚಿಕೊಂಡಳು.

ಲಿಬಾಸ್ ಅಟ್ಟಣೆಗಳ ಓಣಿಯಿಂದಲೇ ಅಂಗಡಿಗೆ ವಾಪಸು ಹೊರಟ. ಹತ್ತು ನಿಮಿಷದ ದಾರಿ. ಒಬ್ಬಳು ಮಾಗತ್ ಹೇಗಿದ್ದಾಳೆ ಎಂದು ನಿಲ್ಲಿಸಿದಳು, ಒಬ್ಬಳು ಮಗನನ್ನು ತಂಡಕ್ಕೆ ಯಾಕೆ ತೆಗೆದುಕೊಳ್ಳಲಿಲ್ಲ ಎಂದು ಜಗಳಕ್ಕೆ ಬಂದಳು, ಒಬ್ಬಳು ಬೆಂಚಿನಲ್ಲಿ ಜಾಗ ಮಾಡಿಕೊಟ್ಟು ಕೂರಿಸಿದಳು. ಅವನು ಅಂಗಡಿ ಮುಟ್ಟುವ ಹೊತ್ತಿಗೆ ಸಂಜೆಯಾಗಿತ್ತು.