ರೇಡಿಯೋ ಹೆಂಗಸಿಗೆ ಹೋದ ‘ಆಹಾ’

ಜೋಗುಪಾಳ್ಯದಲ್ಲಿ ನನ್ನದೊಂದು ಕಟಿಂಗ್ ಶಾಪ್. ಇಂದಿರಾನಗರದ ಒಬ್ಬ ವಯಸ್ಸಾದ ಸಾರ್‌ಗೆ ಮಾತ್ರ ಮನೆಗೇ ಹೋಗಿ ಕಟಿಂಗ್ ಮಾಡ್ತೀನಿ. ಕೊನೆಗೆ ಎಣ್ಣೆ ಹಾಕಿ ತಲೆ ತಿಕ್ಕಿದಾಗ ಅವರು ಕಣ್ಣು ಮುಚ್ಚಿ “ಆಹಾ” ಅಂತಾರಲ್ಲ, ಅದಕ್ಕೋಸ್ಕರ ಶಾಪಿಗೆ ಬೀಗ ಹಾಕಿ ಹೋಗೋದು.

ಒಂದು ಮಧ್ಯಾಹ್ನ ಅವರು ರೇಡಿಯೋ ಹಾಕಿಕೊಂಡಿದ್ದರು. ಪಿಟೀಲು, ಕಹಳೆ ಎಲ್ಲ ಒಟ್ಟಿಗೆ ಮೊಳಗ್ತಿತ್ತು. ಮಧ್ಯೆ ಒಬ್ಬ ಹೆಂಗಸು ಗಂಟಲು ಹರಿಯೋ ಹಾಗೆ ಹಾಡ್ತಿದ್ದಳು. ಆಪೆರಾ ಅಂತೆ. ನಾನು ತಲೆ ತಿಕ್ಕೋಕೆ ಶುರು ಮಾಡಿದೆ. “ಆಹಾ” ಅಂದರು. ಖುಷಿಯಾಗಿ ಇನ್ನೂ ಜೋರಾಗಿ ಒತ್ತಿದೆ.

“ಸ್ವಲ್ಪ ಕೈ ತೆಗಿಯಪ್ಪ, ಆಕೆ ಹಾಡೋದು ಕೇಳ್ಬೇಕು.”

ಎಣ್ಣೆ ಕೈ ಎತ್ತಿಕೊಂಡು, ಆಕೆ ಮುಗಿಸೋವರೆಗೂ ನಿಂತೆ. ಸಾರ್ ಕಣ್ಣಲ್ಲಿ ನೀರು! ನಾನು ತಲೆ ತಿಕ್ಕಿದ್ದಕ್ಕೆ ಒಂದು ದಿನವೂ ಹಾಗೆ ಬಂದಿರಲಿಲ್ಲ. ಹೊಟ್ಟೆ ಉರಿದುಹೋಯ್ತು.

ಮುಂದಿನ ಸಲ ಹೋದಾಗಲೂ ರೇಡಿಯೋದಲ್ಲಿ ಅದೇ ಥರದ ಹಾಡು. ಆಕೆ ದನಿ ಏರಿಸಿದಾಗಲೆಲ್ಲ ನಾನು ಸಾರ್ ಕಿವಿ ಪಕ್ಕಕ್ಕೇ ಟ್ರಿಮ್ಮರ್ ಇಟ್ಟೆ.

“ಇದ್ಯಾಕೋ ಇಷ್ಟು ಸದ್ದು ಮಾಡುತ್ತೆ?”

“ಹಳೇ ಮಿಷನ್ ಸಾರ್,” ಅಂದೆ.

ಹಿಂದಿನ ದಿನವಷ್ಟೇ ಶಿವಾಜಿನಗರದ ಅಂಗಡಿಯಲ್ಲಿ ಒಂದೊಂದನ್ನೂ ಕಿವಿ ಹತ್ತಿರ ಹಿಡಿದು ನೋಡಿ, ಎಲ್ಲಕ್ಕಿಂತ ಜಾಸ್ತಿ ಕಿರುಚೋದನ್ನೇ ಆರಿಸಿ ತಂದಿದ್ದೆ.