ಕೇಳದೇ ತಿಳಿದುಕೊಂಡ ವರ

ಗಮನಿಸುವ ಗಂಡಸು ಬೇಕು ಎಂದು ಹಂಬಲಿಸಿದವಳು ನಾನೇ. ಸಿಕ್ಕ. ಅವನ ಗಮನಕ್ಕಿಷ್ಟು ಬೆಂಕಿ ಹಾಕ!

ದಿನಾ ಖಾನಾಪುರದಿಂದ ಉದ್ಯಮಬಾಗಕ್ಕೆ ಹೋಗಿ ಬರುವವಳು ನಾನು. ಅಲ್ಲಿಯ ಕಾರ್ಖಾನೆಯೊಂದರಲ್ಲಿ ಎರಕದ ಬಿಡಿಭಾಗಗಳ ಅಳತೆ ಸರಿಯಿದೆಯೇ ಎಂದು ನೋಡುವ ಕೆಲಸ. ಬಸ್ಸಿನಲ್ಲಿ ಸೀಟು ಸಿಕ್ಕರೆ ಫೋನಿನಲ್ಲಿ ಮಂಗಾ ಓದುತ್ತೇನೆ. ಬಲದಿಂದ ಎಡಕ್ಕೆ ಓದಬೇಕಾದ ಜಪಾನಿನ ಚಿತ್ರಕಥೆಗಳವು. ಅದರಲ್ಲೂ ಒಂದು ಪ್ರೇಮದ ಹಾಸ್ಯಕಥೆ ನನ್ನ ತಲೆ ಕೆಡಿಸಿತ್ತು. ಅದರ ಹುಡುಗ ಎಂಥವನು ಅಂತೀರಿ! ಹುಡುಗಿ "ಏನಿಲ್ಲ" ಅಂದರೆ ಏನೋ ಇದೆ ಎಂದು ಅವನಿಗೆ ಗೊತ್ತು. ಅವಳಿಗೆ ಚಪ್ಪಲಿ ಕಚ್ಚಿದರೆ ಅವಳು ಹೇಳುವ ಮೊದಲೇ ನಡಿಗೆ ನಿಧಾನ ಮಾಡುತ್ತಾನೆ. ನಮ್ಮ ಮನೆಯಲ್ಲೋ, ಅವ್ವ ಜ್ವರ ಬಂದು ಮುಸುಕು ಹಾಕಿಕೊಂಡು ಮಲಗಿದ್ದರೂ ಅಪ್ಪ "ಚಾ ಆತೇನ?" ಎಂದೇ ಕೇಳುತ್ತಾನೆ. ನನ್ನನ್ನು ನೋಡಲು ಬಂದ ಮೊದಲ ವರ ಟೀವಿಯಲ್ಲಿ ಕ್ರಿಕೆಟ್ ನೋಡಿ, ಶಿರಾ ತಿಂದು ಎದ್ದುಹೋದ.

ಆಮೇಲೆ ನಂದಗಡದವನೊಬ್ಬ ಬಂದ. ಮಚ್ಛೆಯ ಸಣ್ಣ ಕಾರ್ಖಾನೆಯೊಂದರಲ್ಲಿ ಲೇಥ್ ಮೇಲೆ ಕೆಲಸ. ಅವ್ವ ನನಗೆ ಸೀರೆ ಉಡಿಸುತ್ತಲೇ ತಾಕೀತು ಮಾಡಿದಳು: "ಹುಡುಗ ಮನಸಿಗಿ ಬಂದ್ರೂ ಹಲ್ಲು ಕಿಸಿಬ್ಯಾಡ. ಅವರ ಕಡಿಂದ ಹೂಂ ಅಂತ ಬರೂತನಕ ಮಾರಿ ಎತ್ತಬ್ಯಾಡ. ಹೆಣ್ಣಿನವರಿಗೆ ಭಾಳ ಅವಸರ ಐತಿ ಅಂತ ಆಡ್ಕೋತಾರ." ನಮ್ಮಲ್ಲಿ ಹಾಗೇ. ಗಂಡಿನವರ ಉತ್ತರ ಮಧ್ಯಸ್ಥನ ಬಾಯಲ್ಲಿ ಬರಬೇಕು, ಅಲ್ಲಿಯತನಕ ಹೆಣ್ಣು ಕಲ್ಲಿನಂತೆ ಕೂತಿರಬೇಕು.

ಚಹಾದ ಟ್ರೇ ಹಿಡಿದು ಬಂದೆ. ಬಿಸಿಗೆ ನಾನು ಬೆರಳು ಬದಲಿಸುತ್ತಿದ್ದುದು ಬೇರಾರಿಗೂ ಕಾಣಲಿಲ್ಲ, ಅವನಿಗೆ ಕಂಡಿತು. ಎದ್ದು ಬಂದು ತಾನೇ ಟ್ರೇ ಇಸಿದುಕೊಂಡ. ಅವನ ಜೊತೆ ಬಂದಿದ್ದ ಸೋದರತ್ತೆ "ಒಂದೀಟು ಅಡ್ಯಾಡಿ ತೋರ್ಸವಾ" ಎಂದಳು. ಅವನು ತಡೆದ: "ಬಿಡು ಅತ್ತಿ. ದಿನಪೂರ್ತಿ ನಿಂತು ದುಡದು ಬಂದಾರ, ಕುಂದರ್ಲಿ." ಹೇಗೆ ತಿಳಿಯಿತು? ನಾನು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬಿಡುವುದನ್ನು ನೋಡಿದ್ದ. ಇವನೇ, ಇವನೇ ಎಂದು ಎದೆ ಹೊಡೆದುಕೊಂಡಿತು. ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು. ನಕ್ಕರೆ ಕೆಟ್ಟೆನೆಂದು ತುಟಿ ಕಚ್ಚಿಕೊಂಡು, ಸೆರಗಿನ ತುದಿ ಹಿಂಡುತ್ತ, ಬಾಗಿಲ ಕಡೆಗೇ ನೋಡುತ್ತ ಕೂತೆ.

ವಾರ ಕಳೆದು ಮಧ್ಯಸ್ಥ ಬಂದ. "ಹುಡುಗ ಬ್ಯಾಡ ಅಂದಾನ್ರಿ."

ಅವ್ವ ಆ ದಿನ ಉಣ್ಣಲಿಲ್ಲ. ಬಾಜೂ ಮನೆಯ ಕಾಕು ಸಮಾಧಾನ ಹೇಳುವ ನೆಪದಲ್ಲಿ ಬಂದು, "ಹುಡುಗಿ ಸ್ವಲ್ಪ ಕಪ್ಪ ಅದಾಳಲ್ಲ, ಅದಕ್ಕ ಇರಬೇಕ" ಎಂದು ಹೋದಳು. ನನಗೆ ಹಗಲೆಲ್ಲ ಅದೇ ಗುಂಗು. ನಾನೇನು ಮಾಡಿದೆ? ನನ್ನಲ್ಲಿ ಏನು ಕಂಡ? ಸರಿಯಿದ್ದ ಪೀಸುಗಳನ್ನೂ ಸರಿಯಿಲ್ಲವೆಂದು ಪಕ್ಕಕ್ಕೆಸೆದು ಸೂಪರ್‌ವೈಜರ್ ಕೈಲಿ ಬೈಸಿಕೊಂಡೆ.

ಕೆಲವು ವಾರಗಳ ಮೇಲೆ ಒಂದು ಸಂಜೆ, ಉದ್ಯಮಬಾಗದ ಬಸ್ ಸ್ಟಾಪಿನಲ್ಲಿ ಅವನೇ ಎದುರಾದ. ತಪ್ಪಿಸಿಕೊಂಡು ಹೋಗುತ್ತಾನೆ ಅಂದುಕೊಂಡರೆ ನಗುತ್ತ ಹತ್ತಿರ ಬಂದ.

"ಈಗ ಆರಾಮ ಅದೀರಿ?"

"ಎದಕ್ಕ ಬ್ಯಾಡ ಅಂದ್ರಿ?" ಎಂದೆ.

ಅವನಿಗೆ ಆಶ್ಚರ್ಯ. "ನಿಮಗ ಮನಸ್ಸಿರಲಿಲ್ಲಲ್ರೀ. ಕಣ್ಣಾಗ ನೀರಿತ್ತು, ತುಟಿ ಕಚ್ಚಿದ್ರಿ, ಬಾಗಲಾನ ನೋಡಾಕತ್ತಿದ್ರಿ. ಮನಿಯವರ ಜುಲುಮಿಗಿ ಕುಂತಾರ ಅಂತ ತಿಳೀತು. ನೀವು ಬ್ಯಾಡ ಅಂದ್ರ ಮನಿಯಾಗ ನಿಮಗ ಬೈತಾರ. ಅದಕ್ಕ ನಾನ ಅಂದ್ನಿ."

ಒಂದನ್ನೂ ಬಿಟ್ಟಿರಲಿಲ್ಲ ಪುಣ್ಯಾತ್ಮ! ಎಲ್ಲ ನೋಡಿದ್ದ, ಎಲ್ಲವನ್ನೂ ಉಲ್ಟಾ ತಿಳಿದಿದ್ದ. ಮೇಲೆ ನನಗೆ ಉಪಕಾರ ಮಾಡಿದ ಸಮಾಧಾನ ಬೇರೆ. ನನಗೆ ಮೈಯೆಲ್ಲ ಉರಿಯಿತು.

"ಇಷ್ಟೆಲ್ಲಾ ನೋಡಿದವರಿಗೆ ಬಾಯಿಬಿಟ್ಟು ಒಂದು ಮಾತು ಕೇಳಾಕ ಏನಾಗಿತ್ರೀ? ನೀವು ನನ್ನ ಮನಸಿಗಿ ಬಂದಿದ್ರಿ. ಖರೇನ ಬಂದಿದ್ರಿ!" ಎಂದುಬಿಟ್ಟೆ. ಸ್ಟಾಪಿನಲ್ಲಿದ್ದ ಗಂಡಸರೆಲ್ಲ ತಿರುಗಿ ನೋಡಿದರು. ನೋಡಲಿ.

ಅವನ ಮುಖ ಸಣ್ಣದಾಯಿತು. ಕೈಯಲ್ಲಿದ್ದ ಊಟದ ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಕೊನೆಗೆ, "ಹ್ವಾದ ವಾರ ನನ್ನ ನಿಶ್ಚಯ ಆತ್ರಿ" ಎಂದ.

"ಅಕಿನ್ನರ ಕೇಳಿದ್ರೇನು?"

"ಹೂಂ ರೀ. ಅವರನ್ನ ಕೇಳೀನಿ. ನಿಮ್ಮನ್ನ ನೋಡಿ ಬಂದ ಮ್ಯಾಲೆ, ಕೇಳದೆ ಯಾರನ್ನೂ ಮಾಡ್ಕೋಬಾರ್ದು ಅನಿಸ್ತು."

ನನಗೆ ತಡೆಯಲಾಗಲಿಲ್ಲ, ಅಳು ಬಂದೇಬಿಟ್ಟಿತು. ಅವನು ಎರಡು ಹೆಜ್ಜೆ ಸರಿದು, ಆ ಗಂಡಸರಿಗೆ ನನ್ನ ಮುಖ ಕಾಣದ ಹಾಗೆ ಅಡ್ಡ ನಿಂತ. ಖಾನಾಪುರದ ಬಸ್ ಬರುವತನಕ ಹಾಗೇ ನಿಂತಿದ್ದ.